ಇಪ್ಪತ್ತು ಅಡಿ ಎತ್ತರದ ಮಂಚ

ಆಗಸ್ಟ್ ಮುಗಿಯುತ್ತ ಬಂತೆಂದರೆ ವಿಸ್ಕಾನ್ಸಿನ್‌ನ ನಮ್ಮ ಬೀದಿಯಲ್ಲಿ ನನ್ನ ಬೆಲೆ ಏರುತ್ತದೆ. ನಾನು ಬೇಟೆಗಾರನಲ್ಲ, ಬಂದೂಕು ಮುಟ್ಟಿದವನೂ ಅಲ್ಲ, ನಮ್ಮ ಮನೆಯಲ್ಲಿ ಮೊಟ್ಟೆ ಕೂಡ ಬೇಯುವುದಿಲ್ಲ. ಆದರೆ ಏಣಿ ಇರುವ ಬೇಟೆ ಅಟ್ಟಣೆಯೊಂದನ್ನು ಮರಕ್ಕೆ ಒರಗಿಸಿ ಕಟ್ಟಲು ಮೂರು ಜನ ಬೇಕು. ಒಬ್ಬ ಹತ್ತಬೇಕು, ಇಬ್ಬರು ಬುಡ ಹಿಡಿಯಬೇಕು. ಪಕ್ಕದ ಮನೆಯ ನಿವೃತ್ತ ಬಡಗಿಗೆ ಒಬ್ಬನೇ ಮಗ. ಮೂರನೆಯ ಜೋಡಿ ಕೈ ನನ್ನದು. ಎಂಟು ವರ್ಷ ಏಣಿಯ ಬುಡ ಹಿಡಿದು, ತಲೆ ಎತ್ತಿ ನೋಡುತ್ತ ನಿಂತವನಿಗೆ ಮೇಲೆ ಕೂತವನಿಗೆ ಕಾಣದ ಕೆಲವು ಸಂಗತಿ ಕಾಣುತ್ತವೆ.

ಇಲ್ಲಿ ಬಂದೂಕಿನ ಜಿಂಕೆ ಬೇಟೆ ಒಂಬತ್ತೇ ದಿನ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಶುರುವಾಗುತ್ತದೆ. ಬಿಲ್ಲಿನವರಿಗೆ ಸೆಪ್ಟೆಂಬರ್ ನಡುವಿನಿಂದಲೇ ಅನುಮತಿ. ಬಿಳಿಬಾಲದ ಜಿಂಕೆ ಸದಾ ತನ್ನ ಕಣ್ಣಿನ ಮಟ್ಟದಲ್ಲೇ ಅಪಾಯ ಹುಡುಕುವ ಪ್ರಾಣಿ, ತಲೆ ಎತ್ತಿ ನೋಡುವುದು ಕಡಿಮೆ. ಮನುಷ್ಯನ ವಾಸನೆಯೂ ಎತ್ತರದಲ್ಲಿದ್ದರೆ ಸ್ವಲ್ಪ ಮೇಲಿಂದಲೇ ತೇಲಿಹೋಗುತ್ತದೆ. ಮೇಲಿಂದ ಕೆಳಕ್ಕೆ ಹಾರಿದ ಗುಂಡು ಗುರಿ ತಪ್ಪಿದರೂ ಮಣ್ಣಿಗೆ ಹೋಗುತ್ತದೆ, ಆಚೆಯ ಹೊಲದಲ್ಲಿ ನಡೆಯುವವನ ಕಡೆಗೆ ಹೋಗುವುದಿಲ್ಲ. ಹಾಗಾಗಿ ಇಲ್ಲಿಯ ಬೇಟೆಗಾರ 15ರಿಂದ 20 ಅಡಿ ಎತ್ತರದಲ್ಲಿ ಮರಕ್ಕೊಂದು ಕುರ್ಚಿ ಕಟ್ಟಿಕೊಂಡು ಬೆಳಗಿನಿಂದ ಸಂಜೆಯವರೆಗೆ ಕೂರುತ್ತಾನೆ.

ನಮಗೆ ಇದು ಹೊಸ ವಿಷಯವೇನಲ್ಲ. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆ್ಯಂಡರ್ಸನ್‌ನ ಕಾಡಿನ ಕತೆಗಳನ್ನು ಓದಿದವರಿಗೆ ಮರದ ಮೇಲಿನ ಮಚಾನು ಗೊತ್ತು. ಆ ಮಚಾನೂ ನಾವು ಮಲಗುವ ಮಂಚವೂ ಒಂದೇ ಸಂಸ್ಕೃತ ಬೇರಿನವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ನಮ್ಮಲ್ಲಿ ಬೇಟೆಯ ಮಚಾನಿನ ಕಾಲ ಮುಗಿಯಿತು. ಬೆಳೆ ಕಾಯುವ ಅಟ್ಟಣೆ ಮಾತ್ರ ಬಂಡೀಪುರದ ಅಂಚಿನ ಹೊಲಗಳಲ್ಲಿ ಇಂದಿಗೂ ಇದೆ. ಊರಲ್ಲಿ ಅಟ್ಟಣೆ ಹತ್ತಿದವನಿಗೆ ಭಯ ಕೆಳಗಿನ ಆನೆಯದು. ಇಲ್ಲಿ ಜಿಂಕೆ ಯಾರಿಗೂ ಏನೂ ಮಾಡುವುದಿಲ್ಲ. ಬೇಟೆಗಾರನ ಕೈಕಾಲು ಮುರಿಯುವುದು ಅವನದೇ ಅಟ್ಟಣೆ.

20 ಅಡಿಯಿಂದ ಬಿದ್ದವನು ನೆಲ ಮುಟ್ಟಲು ಹಿಡಿಯುವುದು ಒಂದು ಸೆಕೆಂಡಿಗೆ ಚೂರು ಹೆಚ್ಚು. ಆಗ ಅವನ ವೇಗ ಗಂಟೆಗೆ 39 ಕಿಲೋಮೀಟರು. ನಮ್ಮ ಬೀದಿಯಲ್ಲಿ ಕಾರು ಹೋಗಬಹುದಾದ ಮಿತಿಯೇ ಸುಮಾರು ಅಷ್ಟು. ಕೈ ಚಾಚಿ ಕೊಂಬೆ ಹಿಡಿದುಕೊಳ್ಳುತ್ತೇನೆ ಎನ್ನುವವರಿಗೆ ಬಡಗಿ ಈ ಲೆಕ್ಕ ಹೇಳಿ ಸುಮ್ಮನಾಗುತ್ತಾನೆ.

ಅಂಗಡಿಗೆ ಹೋದರೆ ಮೂರು ಬಗೆ ಕಾಣುತ್ತವೆ. ಏಣಿಯ ತುದಿಯಲ್ಲೇ ಕುರ್ಚಿ ಕೂಡಿಸಿದ್ದು ಮೊದಲನೆಯದು. ಉಕ್ಕಿನದು, ಭಾರ, ಒಮ್ಮೆ ನಿಲ್ಲಿಸಿದರೆ ಆ ಕಾಲವೆಲ್ಲ ಅಲ್ಲೇ. ಎರಡನೆಯದರಲ್ಲಿ ಏಣಿಯೇ ಇಲ್ಲ, ಬರೀ ಹಲಗೆ ಮತ್ತು ಪೀಠ. ಅದನ್ನು ಪಟ್ಟಿಯಿಂದ ಕಾಂಡಕ್ಕೆ ಬಿಗಿದು, ಹತ್ತುವ ಮೆಟ್ಟಿಲುಗಳನ್ನು ಬೇರೆಯಾಗಿ ಕಟ್ಟಿಕೊಳ್ಳಬೇಕು. ಇದನ್ನು ಹ್ಯಾಂಗ್-ಆನ್ ಅನ್ನುತ್ತಾರೆ. ಮೂರನೆಯದು ಕ್ಲೈಂಬರ್, ಅಂದರೆ ಮರ ಹತ್ತುವ ಕುರ್ಚಿ. ಅದನ್ನು ಮೊದಲ ಸಲ ನೋಡಿದಾಗ ನನಗೆ ಅಚ್ಚರಿಯೇ ಆಗಲಿಲ್ಲ. ಊರಲ್ಲಿ ತೆಂಗಿನ ಮರ ಏರಲು ಕೊಡುವ ಎರಡು ತುಂಡಿನ ಯಂತ್ರದ ಸೋದರಸಂಬಂಧಿ ಅದು. ಮೇಲಿನ ಚೌಕಟ್ಟಿನ ಮೇಲೆ ಭಾರ ಬಿಟ್ಟು ಕೆಳಗಿನದನ್ನು ಕಾಲಿನಿಂದ ಎಳೆದುಕೊಳ್ಳುವುದು, ಕೆಳಗಿನದರ ಮೇಲೆ ನಿಂತು ಮೇಲಿನದನ್ನು ಎತ್ತುವುದು. ಕಂಬಳಿಹುಳು ಹತ್ತುವ ರೀತಿ.

ಕ್ಲೈಂಬರ್ ಹೇಗೆ ಮರ ಹಿಡಿಯುತ್ತದೆ ಎಂಬುದು ತಿಳಿದರೆ ಅದರ ಅಪಾಯವೂ ತಾನಾಗಿ ತಿಳಿಯುತ್ತದೆ. ಹಲಗೆಯ ಮುಂತುದಿಯಲ್ಲಿ ಭಾರ ಬಿದ್ದಾಗ ಅದು ಕೆಳಕ್ಕೆ ಬಾಗಲು ನೋಡುತ್ತದೆ. ಆಗ ಹಲಗೆಯ ಹಲ್ಲುಗಳು ತೊಗಟೆಗೆ ಕಚ್ಚುತ್ತವೆ, ಕಾಂಡವನ್ನು ಸುತ್ತಿದ ಕೇಬಲ್ ಹಿಂಬದಿಯನ್ನು ಬಿಗಿಯುತ್ತದೆ. ಭಾರ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಕಾಲು ಎತ್ತಿದ ಕ್ಷಣ ಹಿಡಿತವೂ ಹೋಯಿತು. ಮೇಲೆ ಕೂತು ಕಾಲು ಚಾಚಿದಾಗ ಕೆಳಗಿನ ತುಂಡು ಜಾರಿ ಬುಡಕ್ಕೆ ಬಿದ್ದರೆ ಮನುಷ್ಯ ತ್ರಿಶಂಕುವಾಗುತ್ತಾನೆ. ಅದಕ್ಕೇ ಎರಡು ತುಂಡುಗಳ ನಡುವೆ ಒಂದು ಹಗ್ಗ ಕೊಟ್ಟಿರುತ್ತಾರೆ, ಅದನ್ನು ಕಟ್ಟದೆ ಹತ್ತಲೇಬಾರದು. ಇನ್ನೊಂದು ಸೂಕ್ಷ್ಮ: ತೆಂಗು ಬುಡ ದಾಟಿದ ಮೇಲೆ ಹೆಚ್ಚುಕಡಿಮೆ ಒಂದೇ ದಪ್ಪ, ಕಾಡಿನ ಓಕ್ ಹಾಗಲ್ಲ, ಮೇಲೆ ಹೋದಂತೆ ಸಣ್ಣಗಾಗುತ್ತದೆ. ನೆಲದಲ್ಲಿ ಹಲಗೆಯನ್ನು ಸಮವಾಗಿ ಹೊಂದಿಸಿಕೊಂಡು ಹತ್ತಿದವನ ಹಲಗೆ 20 ಅಡಿಯಲ್ಲಿ ಮುಂದಕ್ಕೆ ಇಳಿಜಾರಾಗಿರುತ್ತದೆ. ಬಲ್ಲವರು ಬುಡದಲ್ಲಿ ಮುಂತುದಿಯನ್ನು ಬೇಕೆಂದೇ ಮೇಲಕ್ಕೆತ್ತಿ ಹೊಂದಿಸುತ್ತಾರೆ. ಮೇಲೆ ತಲುಪುವ ಹೊತ್ತಿಗೆ ಅದು ಸಮವಾಗುತ್ತದೆ.

ಇನ್ನು ಪರೀಕ್ಷೆ. ಕೊಳ್ಳುವವರು ಮೊದಲು ನೋಡುವುದು ಕುರ್ಚಿಯ ಮೆತ್ತೆ, ಆಮೇಲೆ ಬೆಲೆ, ಕೊನೆಗೆ ಭಾರದ ಮಿತಿ ಬರೆದ ಚೀಟಿ. ನನ್ನ ಅನುಭವದಲ್ಲಿ ಈ ಮೂರಕ್ಕಿಂತ ಮುಂಚೆ ನೋಡಬೇಕಾದ್ದು ಅಂಗಡಿಯಲ್ಲೇ ಇಲ್ಲ. ಅದು ಕಾಡಿನಲ್ಲಿ ನಿಂತಿರುವ ಮರ. ಕೋಳಿ ಕೇಳಿ ಮಸಾಲೆ ಅರೆಯುತ್ತಾರೆಯೇ ಎಂಬ ಗಾದೆ ಇಲ್ಲಿ ನಡೆಯುವುದಿಲ್ಲ, ಮರವನ್ನು ಕೇಳಿಯೇ ಅಟ್ಟಣೆ ಕಟ್ಟಬೇಕು.

ಮರ ಜೀವಂತವಾಗಿರಬೇಕು, ನೆಟ್ಟಗಿರಬೇಕು, ಕೈಪಿಡಿ ಹೇಳಿದ ದಪ್ಪ ಇರಬೇಕು. ಇಷ್ಟು ಎಲ್ಲರಿಗೂ ಗೊತ್ತು. ವಿಸ್ಕಾನ್ಸಿನ್ ಕಡೆಯ ನಿಜವಾದ ತೊಡಕು ಆಶ್ ಮರ. 2002ರಲ್ಲಿ ಡೆಟ್ರಾಯಿಟ್ ಬಳಿ ಮೊದಲು ಗುರುತಿಸಿದ, ಏಷ್ಯಾದಿಂದ ಬಂದ ಪಚ್ಚೆ ಬಣ್ಣದ ಕೊರಕ ದುಂಬಿ, ಎಮರಾಲ್ಡ್ ಆಶ್ ಬೋರರ್, 2008ರಲ್ಲಿ ಇಲ್ಲಿಗೂ ಕಾಲಿಟ್ಟಿತು. ಅದರ ಮರಿಹುಳುಗಳು ತೊಗಟೆಯ ಒಳಗೆ ಸುರಂಗ ಕೊರೆದು ಮರಕ್ಕೆ ನೀರು, ಆಹಾರ ಹೋಗದಂತೆ ಮಾಡುತ್ತವೆ. ಹೀಗೆ ಸತ್ತ ಆಶ್ ಬೇಗನೆ ಪೆಡಸಾಗಿ, ಎಚ್ಚರಿಕೆಯ ಸದ್ದನ್ನೂ ಕೊಡದೆ ಮುರಿಯುತ್ತದೆ. ದೂರದಿಂದ ನೋಡಿದರೆ ಮರ ಗಟ್ಟಿಮುಟ್ಟಾಗಿ ಕಾಣಬಹುದು, ಹಾಗಾಗಿ ಹತ್ತಿರ ಹೋಗಿ ನೋಡಬೇಕು. ತೊಗಟೆಯಲ್ಲಿ ಇಂಗ್ಲಿಷಿನ ‘ಡಿ’ ಅಕ್ಷರದಂಥ ಚಿಕ್ಕ ತೂತುಗಳಿವೆಯೇ? ಮರಕುಟಿಗ ಕುಕ್ಕಿ ಕುಕ್ಕಿ ಹೊರತೊಗಟೆ ಉದುರಿ ಕಾಂಡ ಬಿಳಿಚಿಕೊಂಡಿದೆಯೇ? ತುದಿ ಒಣಗಿ, ಬುಡದಲ್ಲಿ ಹೊಸ ಚಿಗುರು ಗುಂಪಾಗಿ ಎದ್ದಿದೆಯೇ? ಇದರಲ್ಲಿ ಒಂದು ಕಂಡರೂ ಆ ಮರದ ಆಸೆ ಬಿಡಬೇಕು. ಬಡಗಿ ಒಂದು ಒಳ್ಳೆಯ ಜಾಗವನ್ನು, ಜಿಂಕೆಯ ಎರಡು ಹಾದಿ ಸೇರುವ ಜಾಗವನ್ನು, ಈ ಕಾರಣಕ್ಕೆ ಬಿಟ್ಟ. ಅವನ ಮಗ ಮುನಿಸಿಕೊಂಡ. ಎರಡು ಚಳಿಗಾಲದ ನಂತರ ಆ ಆಶ್ ಅರ್ಧಕ್ಕೆ ಮುರಿದು ಬಿದ್ದಿತ್ತು.

ಮರ ಆರೋಗ್ಯವಾಗಿದ್ದರೂ ತೊಗಟೆಯ ಗುಣ ನೋಡಬೇಕು. ಶ್ಯಾಗ್‌ಬಾರ್ಕ್ ಹಿಕರಿಯ ತೊಗಟೆ ಹಳೆಯ ಗೋಡೆಯ ಸುಣ್ಣದ ಹಾಗೆ ಚಕ್ಕೆ ಚಕ್ಕೆಯಾಗಿ ಎದ್ದಿರುತ್ತದೆ, ಕ್ಲೈಂಬರ್‌ನ ಹಲ್ಲು ಕಚ್ಚುವುದು ಮರವನ್ನಲ್ಲ, ಉದುರಲು ಕಾದಿರುವ ಸಿಪ್ಪೆಯನ್ನು. ಬೀಚ್ ಮತ್ತು ಆ್ಯಸ್ಪೆನ್ ನುಣುಪು, ಹಿಮ ಕೂತರೆ ಗಾಜು.

ಎರಡನೆಯ ಪರೀಕ್ಷೆ ಪಟ್ಟಿಗಳದು. ಉಕ್ಕಿನ ಚೌಕಟ್ಟು ಹತ್ತಾರು ವರ್ಷ ಇರುತ್ತದೆ, ಅದನ್ನು ಮರಕ್ಕೆ ಹಿಡಿದಿಡುವ ನೈಲಾನ್ ಅಥವಾ ಪಾಲಿಯೆಸ್ಟರ್ ಪಟ್ಟಿಗೆ ಆ ಆಯುಸ್ಸಿಲ್ಲ. ಬಿಸಿಲಿನ ನೇರಳಾತೀತ ಕಿರಣ ಅದರ ಎಳೆಗಳನ್ನು ಶಿಥಿಲ ಮಾಡುತ್ತದೆ. ಬಣ್ಣ ಮಾಸಿ, ಮುಟ್ಟಿದರೆ ಗರಗರ ಅನ್ನಿಸಿದರೆ ಬದಲಿಸುವ ಹೊತ್ತಾಯಿತು. ಅಳಿಲು, ಇಲಿಗಳಿಗೆ ಇದನ್ನು ಕಡಿಯುವ ಚಟ. ಇನ್ನೂ ದೊಡ್ಡ ಶತ್ರು ಮರವೇ. ಮರ ಬೆಳೆಯುತ್ತದೆ, ಪಟ್ಟಿ ಬೆಳೆಯುವುದಿಲ್ಲ. ವರ್ಷವಿಡೀ ಬಿಗಿದೇ ಬಿಟ್ಟ ಪಟ್ಟಿ ವೀಣೆಯ ತಂತಿಯಂತೆ ಎಳೆದುಕೊಂಡಿರುತ್ತದೆ, ಕೇಬಲ್ಲಾದರೆ ತೊಗಟೆಯೊಳಗೆ ಹೂತುಹೋಗುತ್ತದೆ. ಕಳೆದ ವರ್ಷ ಗಟ್ಟಿಯಾಗಿತ್ತು ಎಂದು ಈ ವರ್ಷ ನೇರವಾಗಿ ಹತ್ತಿ ಕೂತವನ ಭಾರವೇ ಅದಕ್ಕೆ ಕೊನೆಯ ಎಳೆತವಾಗಬಹುದು. ಹಾಗಾಗಿ ಕಾಲ ಮುಗಿದ ಮೇಲೆ ಪಟ್ಟಿ ಬಿಚ್ಚಲೇಬೇಕು, ಮರುವರ್ಷ ಹೊಸದಾಗಿ ಕಟ್ಟಲೇಬೇಕು.

ಹಳೆಯ ತೋಟಗಳಲ್ಲಿ ಹಲಗೆ, ಮೊಳೆ ಹೊಡೆದು ಯಾರೋ ಅಜ್ಜ ಕಟ್ಟಿದ ಅಟ್ಟಣೆಗಳು ಇನ್ನೂ ಕಾಣುತ್ತವೆ. ನೋಡಲು ಚೆಂದ, ಫೋಟೋ ತೆಗೆಯಿರಿ. ಹತ್ತಬೇಡಿ. ಅನೇಕ ರಾಜ್ಯಗಳ ಸಾರ್ವಜನಿಕ ಕಾಡುಗಳಲ್ಲಿ ಮರಕ್ಕೆ ಮೊಳೆ, ತಿರುಪು ಹೊಡೆಯುವುದಕ್ಕೇ ನಿಷೇಧವಿದೆ.

ಮೂರನೆಯ ಪರೀಕ್ಷೆ, ನಾನು ಕೆಳಗೆ ನಿಂತು ಕಲಿತದ್ದು: ಕಾಲು ದಾಟಿಸುವ ಜಾಗ. ಅಟ್ಟಣೆಯಲ್ಲಿ ಸುಮ್ಮನೆ ಕೂತವನು ಬೀಳುವುದು ಕಡಿಮೆ. ಬೀಳುವುದು ಹೆಚ್ಚಾಗಿ ಹತ್ತುವಾಗ, ಇಳಿಯುವಾಗ, ಅದರಲ್ಲೂ ಏಣಿಯಿಂದ ಹಲಗೆಗೆ, ಹಲಗೆಯಿಂದ ಏಣಿಗೆ ಕಾಲು ಬದಲಿಸುವ ಗಳಿಗೆಯಲ್ಲಿ. ಸಂಜೆ ಇಳಿಯುವುದು ಇನ್ನೂ ಕೆಟ್ಟದ್ದು. ಕತ್ತಲಾಗಿದೆ, ಗಂಟೆಗಟ್ಟಲೆ ಕೂತು ಕಾಲು ಜೋಮು ಹಿಡಿದಿದೆ, ಶೂ ತಳದಲ್ಲಿ ಹಿಮ ಮೆತ್ತಿಕೊಂಡಿದೆ, ಮೆಟ್ಟಿಲನ್ನು ಕಾಲಿನಿಂದಲೇ ತಡಕಬೇಕು. ಅಟ್ಟಣೆ ಕೊಳ್ಳುವ ಮುನ್ನ, ಕಟ್ಟುವ ಮುನ್ನ, ಒಂದೇ ಪ್ರಶ್ನೆ ಕೇಳಿಕೊಳ್ಳಿ: ಹಲಗೆಗೆ ನಾನು ಮೇಲಿಂದ ಕಾಲಿಡುತ್ತೇನೆಯೇ, ಕೆಳಗಿಂದ ಏರಿಕೊಳ್ಳುತ್ತೇನೆಯೇ? ಮೆಟ್ಟಿಲು ಹಲಗೆಯ ಮಟ್ಟಕ್ಕೇ ನಿಂತುಬಿಟ್ಟರೆ ಕೊನೆಯಲ್ಲಿ ಹಿಡಿಯಲು ಏನೂ ಇಲ್ಲದೆ, ಮಂಡಿಯೂರಿ, ತೆವಳಿ ಏರಬೇಕಾಗುತ್ತದೆ. ಮೆಟ್ಟಿಲುಗಳು ಹಲಗೆಯನ್ನು ದಾಟಿ ಇನ್ನೂ ಒಂದೆರಡು ಹೆಜ್ಜೆ ಮೇಲಕ್ಕೆ ಹೋಗಿದ್ದರೆ, ಎರಡು ಕೈಯಲ್ಲೂ ಮೆಟ್ಟಿಲು ಹಿಡಿದುಕೊಂಡೇ ಹಲಗೆಯ ಮೇಲೆ ಕಾಲು ಇಳಿಸಬಹುದು. ಹ್ಯಾಂಗ್-ಆನ್ ಕಟ್ಟುವವರು ಒಂದು ಹೆಚ್ಚುವರಿ ಮೆಟ್ಟಿಲು ಕೊಂಡರೆ ಸಾಕು, ಈ ಇಡೀ ಅಪಾಯ ಅರ್ಧವಾಗುತ್ತದೆ ಎಂಬುದು ಬಡಗಿಯ ಖಚಿತ ಅಭಿಪ್ರಾಯ. ಅವನು ಮೆತ್ತೆಯ ದುಡ್ಡು ಉಳಿಸಿ ಮೆಟ್ಟಿಲಿಗೆ ಹಾಕುತ್ತಾನೆ. ಎರಡು ಕೈ ಒಂದು ಕಾಲು, ಇಲ್ಲವೇ ಎರಡು ಕಾಲು ಒಂದು ಕೈ, ಯಾವಾಗಲೂ ಮೂರು ಆಧಾರ ಇರಬೇಕು. ಬಂದೂಕು, ಚೀಲಗಳನ್ನು ಹೆಗಲಿಗೆ ಹಾಕಿಕೊಂಡು ಹತ್ತಿದರೆ ಆ ನಿಯಮ ಉಳಿಯುವುದಿಲ್ಲ. ಅವನ್ನು ಕೆಳಗೇ ಬಿಟ್ಟು, ಮೇಲೆ ಹೋಗಿ ಭದ್ರವಾದ ಮೇಲೆ ಹಗ್ಗದಲ್ಲಿ ಎಳೆದುಕೊಳ್ಳಬೇಕು. ಬಂದೂಕಿನ ಗುಂಡು ತೆಗೆದಿರಬೇಕು, ನಳಿಗೆ ಕೆಳಮುಖವಾಗಿರಬೇಕು, ಹಗ್ಗ ಕುದುರೆಯ ಹತ್ತಿರ ಸುಳಿಯಬಾರದು.

ಏಣಿ ಅಟ್ಟಣೆಯಲ್ಲಿ ಅತಿ ಅಪಾಯದ ಹತ್ತುವಿಕೆ ಮೊಟ್ಟಮೊದಲನೆಯದು. ಮೇಲಿನ ಪಟ್ಟಿ ಇನ್ನೂ ಕಟ್ಟಿಲ್ಲ, ಕಟ್ಟಲೆಂದೇ ಹತ್ತುತ್ತಿದ್ದಾನೆ. ಆ ನಾಲ್ಕು ನಿಮಿಷ ನಾವಿಬ್ಬರು ಬುಡದವರು ಮಾತಾಡುವುದಿಲ್ಲ. ಏಣಿಯನ್ನು ಮರಕ್ಕೆ ತಳ್ಳಿ ಹಿಡಿದಿರುತ್ತೇವೆ. ಅದಕ್ಕೂ ಮೊದಲು ಏಣಿಯ ನಡುವಿನಿಂದ ಮರಕ್ಕೆ ತಾಗುವ ಅಡ್ಡ ಕಂಬಿಯನ್ನೂ ಅದರ ಪಟ್ಟಿಯನ್ನೂ ನೆಲದಿಂದಲೇ ಬಿಗಿದಿರಬೇಕು. ನಾನು ಅಲ್ಲಿರುವುದು ಇದಕ್ಕೇ. ಒಬ್ಬನೇ ಏಣಿ ಅಟ್ಟಣೆ ನಿಲ್ಲಿಸಿದೆ ಎಂದು ಹೆಮ್ಮೆಯಿಂದ ಹೇಳುವವರನ್ನು ಕಂಡರೆ ನನಗೆ ಗೌರವ ಹುಟ್ಟುವುದಿಲ್ಲ.

ಆದರೂ ಇದೆಲ್ಲ ಮಾಡಿಯೂ ಮನುಷ್ಯ ಜಾರುತ್ತಾನೆ. ಜಾರಿದವನನ್ನು ಹಿಡಿಯುವುದು ಹಾರ್ನೆಸ್, ತೊಡೆ, ಎದೆ, ಹೆಗಲು ಮೂರನ್ನೂ ಬಿಗಿಯುವ ಪೂರ್ತಿ ಮೈಯ ಕವಚ. ಸೊಂಟಕ್ಕೆ ಒಂದೇ ಪಟ್ಟಿ ಕಟ್ಟಿಕೊಳ್ಳುವ ಹಳೆಯ ಪದ್ಧತಿಯನ್ನು ಈಗ ಯಾರೂ ಶಿಫಾರಸು ಮಾಡುವುದಿಲ್ಲ. ಬಿದ್ದಾಗ ಅದು ಪಕ್ಕೆಲುಬಿನವರೆಗೆ ಜಾರಿ ಉಸಿರುಗಟ್ಟಿಸುತ್ತದೆ. ಅಮೆರಿಕದ ಅಟ್ಟಣೆ ತಯಾರಕರ ಸಂಘ ಟಿಎಂಎ, ಪ್ರಮಾಣಿತ ಅಟ್ಟಣೆಯ ಪೆಟ್ಟಿಗೆಯಲ್ಲೇ ಹಾರ್ನೆಸ್ ಇರಬೇಕು ಎನ್ನುತ್ತದೆ. ಪೆಟ್ಟಿಗೆಯಲ್ಲಿ ಬಂದದ್ದನ್ನು ತೊಟ್ಟು ನೋಡಿ. ಹತ್ತು ಕೊಂಡಿಗಳ ಜೇಡರ ಬಲೆಯಂತಿದ್ದು, ಬೆಳಗಿನ ನಾಲ್ಕು ಗಂಟೆಯ ಕತ್ತಲಲ್ಲಿ ತೊಡಲು ಬಾರದಿದ್ದರೆ, ಸುಲಭವಾಗಿ ತೊಡುವಂಥ ಬೇರೆಯದನ್ನು ಕೊಳ್ಳಿ. ಗೂಟಕ್ಕೆ ನೇತಾಡುವ ಹಾರ್ನೆಸ್ ಯಾರನ್ನೂ ಉಳಿಸಿಲ್ಲ.

ಅದನ್ನು ಕಟ್ಟುವ ಜಾಗವೂ ಮುಖ್ಯ. ಬೆನ್ನ ಹಿಂದಿನ ಹಗ್ಗವನ್ನು ಮರದ ಪಟ್ಟಿಗೆ ಸೇರಿಸುವುದು ತಲೆಯ ಮಟ್ಟದಲ್ಲಿ ಅಥವಾ ಇನ್ನೂ ಮೇಲೆ, ಕೂತಾಗ ಹಗ್ಗದಲ್ಲಿ ಸಡಿಲ ಇರದಂತೆ. ಸೊಂಟದ ಮಟ್ಟದಲ್ಲಿ ಕಟ್ಟಿದರೆ ಮೊದಲು ಕೆಲವು ಅಡಿ ಬಿದ್ದು ಆಮೇಲೆ ನಿಲ್ಲುತ್ತೀರಿ, ಆ ಜಗ್ಗು ದೊಡ್ಡದು. ಆದರೆ ಹತ್ತುವಾಗ ಇಳಿಯುವಾಗಲೇ ಅಪಾಯ ಹೆಚ್ಚು ಎಂದೆವಲ್ಲ, ಮೇಲೆ ಹೋದ ಮೇಲೆ ಕೊಂಡಿ ಹಾಕಿದರೆ ಆ ಹಾದಿಗೆ ಏನು ಕಾವಲು? ಅದಕ್ಕೇ ಲೈಫ್‌ಲೈನ್: ಅಟ್ಟಣೆಯ ಮೇಲಿನಿಂದ ಬುಡದವರೆಗೆ ಇಳಿಬಿಟ್ಟ ಒಂದು ದಪ್ಪ ಹಗ್ಗ, ಅದರ ಮೇಲೆ ಜಾರುವ ಒಂದು ಗಂಟು. ಈ ಗಂಟಿಗೆ ಪ್ರೂಸಿಕ್ ಎಂದು ಹೆಸರು. 1931ರಲ್ಲಿ ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್ ಪ್ರಚುರಪಡಿಸಿದ್ದು. ಕೈಯಿಂದ ತಳ್ಳಿದರೆ ಸರಾಗವಾಗಿ ಸರಿಯುತ್ತದೆ, ಭಾರ ಬಿದ್ದರೆ ಹಗ್ಗವನ್ನು ಕಚ್ಚಿ ನಿಲ್ಲುತ್ತದೆ. ನೆಲದಲ್ಲೇ ಹಾರ್ನೆಸ್ಸನ್ನು ಅದಕ್ಕೆ ಸೇರಿಸಿ, ಹತ್ತಿದಂತೆ ಗಂಟನ್ನು ಮೇಲೆ ಸರಿಸುತ್ತ ಹೋದರೆ, ಮತ್ತೆ ಪಾದ ನೆಲ ಮುಟ್ಟುವವರೆಗೂ ಬಿಡುಗಡೆ ಬೇಕಿಲ್ಲ. ಅಟ್ಟಣೆಗೆ ಎಷ್ಟು ಖರ್ಚು ಮಾಡಿದಿರೋ ಅದರ ಒಂದು ಸಣ್ಣ ಪಾಲಿಗೆ ಈ ಹಗ್ಗ ಸಿಗುತ್ತದೆ.

ಹಾರ್ನೆಸ್ ಹಿಡಿದ ಮೇಲೂ ಕತೆ ಮುಗಿಯುವುದಿಲ್ಲ. ನೇತಾಡುತ್ತಿರುವವನ ತೊಡೆಯ ಪಟ್ಟಿ ರಕ್ತನಾಳವನ್ನು ಒತ್ತಿ, ಕಾಲಿಗಿಳಿದ ರಕ್ತ ಮೇಲೆ ಬರದೆ, ನಿಮಿಷಗಳಲ್ಲೇ ತಲೆಸುತ್ತು ಬರಬಹುದು, ಪ್ರಾಣಕ್ಕೂ ಕುತ್ತಾಗಬಹುದು. ಅದಕ್ಕೆಂದೇ ಒಂದು ಹೆಚ್ಚುವರಿ ಕುಣಿಕೆ ಪಟ್ಟಿ ಕೊಡುತ್ತಾರೆ. ಅದರಲ್ಲಿ ಪಾದ ಇಟ್ಟು ನಿಂತು ತೊಡೆಯ ಭಾರ ಇಳಿಸಿಕೊಳ್ಳಬೇಕು. ಅದು ಕೈಗೆ ಸಿಗುವ ಜೇಬಿನಲ್ಲಿರಬೇಕು, ಮೊಬೈಲೂ ಹಾಗೆಯೇ. ಮನೆಯಲ್ಲಿ ಯಾವ ಮರ, ಎಷ್ಟು ಹೊತ್ತಿಗೆ ಬರುತ್ತೇನೆ ಎಂದು ಹೇಳಿಟ್ಟಿರಬೇಕು. ಬಡಗಿಯ ಹೆಂಡತಿ ಫ್ರಿಜ್ಜಿನ ಬಾಗಿಲಿಗೆ ಕಾಡಿನ ನಕ್ಷೆ ಅಂಟಿಸಿದ್ದಾಳೆ, ಹೊರಡುವಾಗ ಅವನು ಅದರಲ್ಲಿ ಒಂದು ಆಯಸ್ಕಾಂತ ಇಟ್ಟು ಹೋಗಬೇಕು. ನೇತಾಡಿ ಚೇತರಿಸಿಕೊಳ್ಳುವುದನ್ನು ನೆಲದಿಂದ ಒಂದಡಿ ಮೇಲೆ, ಪಕ್ಕದಲ್ಲಿ ಇನ್ನೊಬ್ಬರನ್ನು ನಿಲ್ಲಿಸಿಕೊಂಡು ಒಮ್ಮೆ ಅಭ್ಯಾಸ ಮಾಡಿದವನಿಗೆ ಮಾತ್ರ ಮೇಲೆ ಅದು ನೆನಪಾಗುತ್ತದೆ.

ಈಗ ಚೀಟಿ. ಸಾಮಾನ್ಯವಾಗಿ 300 ಪೌಂಡು, ಅಂದರೆ 136 ಕಿಲೋ ಎಂದಿರುತ್ತದೆ. ಅದು ನಿಮ್ಮ ಸ್ನಾನದ ಮನೆಯ ತೂಕವಲ್ಲ. ಚಳಿಗಾಲದ ಬೂಟು, ಉಣ್ಣೆಯ ಅಂಗಿ, ಬಂದೂಕು, ಗುಂಡು, ಬಿಸಿ ಕಾಫಿಯ ಫ್ಲಾಸ್ಕು, ಚೀಲ ಎಲ್ಲ ಸೇರಿಸಿ ತೂಗಿ. 120 ಕಿಲೋದ ಆಳು ಸಲೀಸಾಗಿ ಮಿತಿ ಮುಟ್ಟುತ್ತಾನೆ. ಚೀಟಿಯಲ್ಲಿ ಟಿಎಂಎ ಗುರುತು ಅಥವಾ ಎಎಸ್‌ಟಿಎಂ ಮಾನದಂಡದ ಉಲ್ಲೇಖ ಇದ್ದರೆ, ಭಾರ, ಸ್ಥಿರತೆ, ಮರದ ಹಿಡಿತಗಳ ಪರೀಕ್ಷೆ ಆಗಿದೆ ಎಂದರ್ಥ. ಆಮೇಲೆ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಸಿಪಿಎಸ್‌ಸಿಯ ವಾಪಸಾತಿ ಪಟ್ಟಿಯಲ್ಲಿ ಆ ಮಾದರಿಯ ಸಂಖ್ಯೆ ಇದೆಯೇ ನೋಡಬೇಕು. ಬೆಸುಗೆ ಬಿಟ್ಟದ್ದಕ್ಕೆ, ಪಟ್ಟಿ ಹರಿದದ್ದಕ್ಕೆ ಅಟ್ಟಣೆಗಳನ್ನು ವಾಪಸು ಕರೆದದ್ದುಂಟು.

ಅನುಕೂಲದ ಮಾತು ಕೊನೆಗೆ ಇಟ್ಟೆನೆಂದರೆ ಅದು ಕ್ಷುಲ್ಲಕ ಎಂದಲ್ಲ. ಅನುಕೂಲವಿಲ್ಲದ ಅಟ್ಟಣೆಯಲ್ಲಿ ಕೂತವನು ಚಡಪಡಿಸುತ್ತಾನೆ, ಚಡಪಡಿಸುವವನು ಜಾರುತ್ತಾನೆ. ಪೀಠ ತಗ್ಗಾಗಿದ್ದರೆ ಮಂಡಿ ಎದೆಗೆ ಬಂದು, ಎದ್ದಾಗ ಕಾಲು ನಿಲ್ಲುವುದಿಲ್ಲ. ಮನೆಯ ಊಟದ ಕುರ್ಚಿಯ ಎತ್ತರ ಸರಿ. ಬಿಲ್ಲಿನವನಿಗೆ ಎದ್ದು ನಿಂತು ಎಳೆಯಲು ಅಗಲ ಹಲಗೆ ಬೇಕು, ಮುಂದೆ ಕಂಬಿ ಇರಬಾರದು. ಬಂದೂಕಿನವನಿಗೆ ಕೈ ಊರಲು ಆ ಕಂಬಿಯೇ ಬೇಕು. ಹಲಗೆ ಜಾಲರಿಯದಾದರೆ ಹಿಮ ಕೆಳಗೆ ಉದುರಿಹೋಗುತ್ತದೆ. ಹೊಸ ಅಟ್ಟಣೆಯನ್ನು ಅಂಗಳದ ಮರಕ್ಕೆ ಎರಡಡಿ ಎತ್ತರದಲ್ಲಿ ಕಟ್ಟಿ ಒಂದು ಗಂಟೆ ಕೂರಿ, ಎದ್ದೇಳಿ, ತಿರುಗಿ. ಕಿರ್ ಅನ್ನುವ ಕೀಲು ಯಾವುದೆಂದು ಆಗಲೇ ತಿಳಿಯುತ್ತದೆ. ಅಲ್ಲೊಂದು ಪ್ಲಾಸ್ಟಿಕ್ ವಾಷರ್ ಸಾಕು. ಚಳಿ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿಳಿದ ಬೆಳಗ್ಗೆ ಲೋಹದ ಆ ಕಿರುಗುಟ್ಟು ಜಿಂಕೆಗೆ ನಿಮ್ಮ ವಿಳಾಸ ಕೊಟ್ಟುಬಿಡುತ್ತದೆ. ಬಟ್ಟೆಯ ಉಜ್ವಲ ಕಿತ್ತಳೆ ಬಣ್ಣದ ಬಗ್ಗೆ ಮಾತ್ರ ಚಿಂತೆ ಬೇಡ. ಕೆಂಪು ಹಸಿರಿನ ಭೇದ ಜಿಂಕೆಯ ಕಣ್ಣಿಗಿಲ್ಲ, ಅದು ಕಾಣಬೇಕಾದ್ದು ಇನ್ನೊಬ್ಬ ಬೇಟೆಗಾರನಿಗೆ. ಎತ್ತರದ ಆಸೆಯೂ ಬೇಡ. 25, 30 ಅಡಿಗೆ ಹೋದರೆ ಗುರಿಯ ಕೋನ ಕಡಿದಾಗಿ ಜಿಂಕೆಯ ಬೆನ್ನಷ್ಟೇ ಕಾಣುತ್ತದೆ, ಬಾಣ ಎರಡೂ ಶ್ವಾಸಕೋಶ ದಾಟುವ ದಾರಿ ಕಿರಿದಾಗುತ್ತದೆ.

ಹೋದ ವರ್ಷ ನಮ್ಮ ಕಚೇರಿಯ ಕನ್ನಡದ ಹುಡುಗನೊಬ್ಬ ಪಕ್ಷಿಗಳ ಫೋಟೋ ತೆಗೆಯಲೆಂದು ಬಳಸಿದ ಅಟ್ಟಣೆಯೊಂದನ್ನು ಅಗ್ಗಕ್ಕೆ ಕೊಂಡು ತಂದ. ಬಡಗಿ ಅದನ್ನು ಗ್ಯಾರೇಜಿನ ನೆಲದ ಮೇಲೆ ಹರಡಿದ. ಬೆಸುಗೆಯ ಮೇಲೆ ಬೆರಳಾಡಿಸಿ ತುಕ್ಕಿನ ಗೆರೆ ಹುಡುಕಿದ. ಬೋಲ್ಟು ಎಣಿಸಿದ, ಅದರಲ್ಲೊಂದು ಅಂಗಡಿಯ ಸಾಮಾನ್ಯ ಬೋಲ್ಟು, ಮೂಲದ್ದಲ್ಲ. ಕೇಬಲ್‌ನ ಪ್ಲಾಸ್ಟಿಕ್ ಹೊದಿಕೆ ಒಂದು ಕಡೆ ಬಿರಿದಿತ್ತು, ಅದನ್ನು ಬಗ್ಗಿಸಿ ಒಳಗಿನ ಎಳೆ ತೋರಿಸಿದ. ಕೊನೆಗೆ ಹಾರ್ನೆಸ್ಸಿನ ಒಳಬದಿಯ ಚಿಕ್ಕ ಚೀಟಿ ಹುಡುಕಿ ಕನ್ನಡಕ ಹಾಕಿಕೊಂಡ. ತಯಾರಾದ ವರ್ಷದಿಂದ ಲೆಕ್ಕ ಹಾಕಿದರೆ ಹನ್ನೊಂದು ವರ್ಷ ಕಳೆದಿತ್ತು. ತಯಾರಕರು ಸಾಮಾನ್ಯವಾಗಿ ಹೇಳುವ ಆಯುಸ್ಸು ಐದು ವರ್ಷ, ಅದೂ ಒಮ್ಮೆಯೂ ಬೀಳದಿದ್ದರೆ. ಒಂದು ಸಲ ಯಾರನ್ನಾದರೂ ಹಿಡಿದ ಹಾರ್ನೆಸ್ ಮತ್ತೆ ಹಿಡಿಯುತ್ತದೆಂದು ನಂಬುವಂತಿಲ್ಲ. ಇದು ಯಾರನ್ನಾದರೂ ಹಿಡಿದಿತ್ತೇ ಎಂದು ಹೇಳುವವರು ಅಲ್ಲಿರಲಿಲ್ಲ.

ಬಡಗಿ ಕತ್ತರಿ ತಂದು ಅದರ ಹೆಗಲ ಪಟ್ಟಿ, ತೊಡೆಯ ಪಟ್ಟಿಗಳನ್ನು ತುಂಡು ಮಾಡಿ ಕಸದ ಡಬ್ಬಿಗೆ ಹಾಕಿದ. ಇಡಿಯಾಗಿ ಎಸೆದರೆ ಯಾರಾದರೂ ಎತ್ತಿಕೊಂಡು ಹೋಗುತ್ತಾರೆ ಎಂದ.